ಎಂಡೋಟಾಕ್ಸಿನ್ ವಿರುದ್ಧ ಪ್ರತಿಕಾಯ: ಸೋತಿದ್ದು ಮದ್ದೋ, ಕೊಟ್ಟ ಹೊತ್ತೋ?

1993ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ವಿಚಿತ್ರ ಪ್ರಕರಣ ವರದಿಯಾಯಿತು. ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವ್ಯಕ್ತಿಯೊಬ್ಬ ತನ್ನ ಗೆಡ್ಡೆಗೆ ತಾನೇ ಚಿಕಿತ್ಸೆ ಮಾಡಿಕೊಳ್ಳಲು ಹೋಗಿ 1 ಮಿಲಿಗ್ರಾಂ ಎಂಡೋಟಾಕ್ಸಿನ್ ಚುಚ್ಚಿಕೊಂಡಿದ್ದ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಹೊರಪದರದಿಂದ ಬೇರ್ಪಡಿಸಿ ಶುದ್ಧ ಮಾಡಿದ ವಸ್ತು ಅದು. ಜೀವಂತ ಬ್ಯಾಕ್ಟೀರಿಯಾ ಅದರಲ್ಲಿ ಒಂದೂ ಇರಲಿಲ್ಲ. ಆದರೂ ಬಿಪಿ ಕುಸಿದು ಶಾಕ್ ಆಯಿತು, ಒಂದಕ್ಕಿಂತ ಹೆಚ್ಚು ಅಂಗಗಳು ಏರುಪೇರಾದವು. ಆತ ಬದುಕಿ ಉಳಿದ. ಸಂಶೋಧನೆಗಾಗಿ ಆರೋಗ್ಯವಂತ ಸ್ವಯಂಸೇವಕರಿಗೆ ಎಂಡೋಟಾಕ್ಸಿನ್ ಕೊಡುವಾಗ ಮೈತೂಕದ ಒಂದು ಕಿಲೋಗೆ 2ರಿಂದ 4 ನ್ಯಾನೋಗ್ರಾಂ ಮಾತ್ರ ಕೊಡುತ್ತಾರೆ. ಅಷ್ಟಕ್ಕೇ ಚಳಿಜ್ವರ, ತಲೆನೋವು, ಹೊಟ್ಟೆ ತೊಳೆಸುವುದು ಶುರುವಾಗುತ್ತದೆ. ಈತ ಚುಚ್ಚಿಕೊಂಡಿದ್ದು ಅದರ ಸಾವಿರಾರು ಪಟ್ಟು.

ಸೋಂಕು ಮೈಗೇರಿ ಅಂಗಗಳು ಕೆಡುವುದಕ್ಕೆ ಸೆಪ್ಸಿಸ್ ಎನ್ನುತ್ತಾರೆ, ಅದರಲ್ಲಿ ಬಿಪಿ ಕುಸಿದರೆ ಸೆಪ್ಟಿಕ್ ಶಾಕ್. ಸೋಂಕೇ ಇಲ್ಲದೆ ಸೆಪ್ಟಿಕ್ ಶಾಕ್‌ನ ಲಕ್ಷಣಗಳೆಲ್ಲ ಬಂದವು ಅಂದ ಮೇಲೆ ಯಾರಿಗಾದರೂ ಹೊಳೆಯುವ ಉಪಾಯ ಒಂದೇ. ಈ ವಸ್ತುವನ್ನು ರಕ್ತದಲ್ಲೇ ಹಿಡಿದುಹಾಕುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಕೊಟ್ಟುಬಿಟ್ಟರೆ ಶಾಕ್ ಬರುವುದೇ ಇಲ್ಲ, ಅಲ್ವಾ? ಈ ಯೋಚನೆಗೆ ಮನುಷ್ಯರ ಮೇಲಿನ ಮೊದಲ ದೊಡ್ಡ ಪುರಾವೆ ಸಿಕ್ಕಿ 40 ವರ್ಷ ದಾಟಿದೆ. ಈ ನಡುವೆ ಹತ್ತಾರು ಪ್ರಯೋಗಗಳು ನಡೆದವು, ಸಾವಿರಾರು ರೋಗಿಗಳು ಅವುಗಳಲ್ಲಿ ಭಾಗವಹಿಸಿದರು, ಕಂಪನಿಗಳು ಕೋಟಿಗಟ್ಟಲೆ ಡಾಲರ್ ಸುರಿದವು. ಆದರೂ ಸೆಪ್ಸಿಸ್ ರೋಗಿಗೆ ಬರೆದುಕೊಡಲು ಎಂಡೋಟಾಕ್ಸಿನ್ ವಿರೋಧಿ ಪ್ರತಿಕಾಯ ಇವತ್ತಿಗೂ ವೈದ್ಯರ ಕೈಯಲ್ಲಿಲ್ಲ.

"ಆ ದಾರಿಯೇ ತಪ್ಪು" ಎಂದು ಹಲವರು ಕೈಬಿಟ್ಟಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸರಿಯಾದ ಪ್ರತಿಕಾಯ, ಸರಿಯಾದ ರೋಗಿ, ಸರಿಯಾದ ಹೊತ್ತು, ಈ ಮೂರೂ ಒಂದೇ ಪ್ರಯೋಗದಲ್ಲಿ ಸೇರಲೇ ಇಲ್ಲ ಎನ್ನುವುದು ಹಳೆಯ ಪ್ರಯೋಗಗಳನ್ನು ಒಂದೊಂದಾಗಿ ನೋಡಿದರೆ ಕಾಣುತ್ತದೆ.

ನಂಜು ಯಾವುದು, ನಂಜೇರಿಸುವವರು ಯಾರು

ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಜೊತೆ ಕೆಲಸ ಮಾಡುತ್ತಿದ್ದ ರಿಚರ್ಡ್ ಫೈಫರ್ 1892ರ ಹೊತ್ತಿಗೆ ಕಾಲರಾ ಬ್ಯಾಕ್ಟೀರಿಯಾದಲ್ಲಿ ಒಂದು ವಿಷಯ ಗಮನಿಸಿದರು. ಸತ್ತ ಬ್ಯಾಕ್ಟೀರಿಯಾವನ್ನು ಕೊಟ್ಟರೂ ಪ್ರಾಣಿಗಳು ಸಾಯುತ್ತಿದ್ದವು. ವಿಷ ಬ್ಯಾಕ್ಟೀರಿಯಾ ಹೊರಗೆ ಉಗುಳುವ ವಸ್ತುವಲ್ಲ, ಅದರ ಮೈಯ ಭಾಗವೇ ಆಗಿರಬೇಕು ಎಂದು ಅವರು ತರ್ಕಿಸಿದರು. ಎಂಡೋಟಾಕ್ಸಿನ್ ಎಂಬ ಹೆಸರು ಬಂದಿದ್ದು ಅಲ್ಲಿಂದ. ಇವತ್ತು ಅದನ್ನು ಲಿಪೊಪಾಲಿಸ್ಯಾಕರೈಡ್, ಚಿಕ್ಕದಾಗಿ ಎಲ್‌ಪಿಎಸ್ ಎನ್ನುತ್ತೇವೆ.

ಗ್ರಾಂ ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಎಲ್‌ಪಿಎಸ್ ಇರುತ್ತದೆ. ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್ ಎಲ್ಲ ಈ ಗುಂಪಿನವೇ. ಎಲ್‌ಪಿಎಸ್‌ನಲ್ಲಿ ಮೂರು ಭಾಗ. ಪೊರೆಯೊಳಗೆ ನಾಟಿಕೊಂಡ ಕೊಬ್ಬಿನ ತುಂಡು ಲಿಪಿಡ್ ಎ. ಅದರ ಮೇಲೆ ಸಕ್ಕರೆಗಳ ಸಣ್ಣ ಕೊಂಡಿಯಾದ ಕೋರ್. ಅದಕ್ಕೂ ಮೇಲೆ ಹೊರಕ್ಕೆ ಚಾಚಿಕೊಂಡ ಉದ್ದನೆಯ ಸಕ್ಕರೆ ಸರಪಳಿ, ಒ-ಆಂಟಿಜೆನ್. ಇವುಗಳಲ್ಲಿ ನಮ್ಮ ದೇಹವನ್ನು ಕೆರಳಿಸುವುದು ಲಿಪಿಡ್ ಎ. ಅದು ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಒ-ಆಂಟಿಜೆನ್ ಹಾಗಲ್ಲ. ಇ. ಕೋಲಿ ಒಂದರಲ್ಲೇ 180ಕ್ಕೂ ಹೆಚ್ಚು ಬಗೆ ಇವೆ. ಪ್ರತಿಕಾಯ ಮಾಡುವವರಿಗೆ ಎದುರಾದ ಇಕ್ಕಟ್ಟು ಇಲ್ಲೇ ಇದೆ. ಕೈಗೆ ಸಿಗುವ ಹೊರಭಾಗ ನೂರಾರು ಬಗೆಯದು, ಎಲ್ಲದರಲ್ಲೂ ಒಂದೇ ತರಹ ಇರುವ ಭಾಗ ಒಳಗೆ ಮುಚ್ಚಿಹೋಗಿದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎಂಡೋಟಾಕ್ಸಿನ್ ಹಾವಿನ ವಿಷದಂತೆ ನೇರವಾಗಿ ಕೊಲ್ಲುವುದಿಲ್ಲ. ರಕ್ತದಲ್ಲಿರುವ ಎಲ್‌ಬಿಪಿ ಎಂಬ ಪ್ರೋಟೀನು ಅದನ್ನು ಹಿಡಿದು ಬಿಳಿ ರಕ್ತಕಣದ ಮೇಲಿನ ಸಿಡಿ14ಕ್ಕೆ ಒಪ್ಪಿಸುತ್ತದೆ. ಅಲ್ಲಿಂದ ಅದು ಟಿಎಲ್‌ಆರ್4 ಎಂಬ ಗ್ರಾಹಕಕ್ಕೆ ಹೋಗುತ್ತದೆ. ಆಗ ಕಣ ಎಚ್ಚೆತ್ತು ಟಿಎನ್‌ಎಫ್, ಇಂಟರ್‌ಲ್ಯೂಕಿನ್‌ನಂಥ ಉರಿಯೂತದ ಸಂದೇಶಗಳನ್ನು ಹರಿಬಿಡುತ್ತದೆ. ಹುಷಾರಾಗಿರುವ ದೇಹದಲ್ಲಿ ಇದು ರಕ್ಷಣೆಯ ಕೆಲಸ. ಇದೇ ಮಿತಿಮೀರಿದಾಗ ರಕ್ತನಾಳಗಳು ಸಡಿಲಗೊಂಡು ಬಿಪಿ ಇಳಿಯುತ್ತದೆ. ನಾಳಗಳ ಗೋಡೆ ಸೋರಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕಿಡ್ನಿ ಮೂತ್ರ ಮಾಡುವುದನ್ನು ನಿಲ್ಲಿಸುತ್ತದೆ. ವೆಂಟಿಲೇಟರ್, ಡಯಾಲಿಸಿಸ್ ಎಲ್ಲ ಬೇಕಾಗುವುದು ಆಗ. 2016ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯೂ ಇದನ್ನೇ ಹೇಳುತ್ತದೆ: ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆ ಹಳಿ ತಪ್ಪಿ ಅಂಗಗಳು ಕೆಡುವುದೇ ಸೆಪ್ಸಿಸ್.

ಟಿಎಲ್‌ಆರ್4 ಗುಟ್ಟು ಬಯಲಾಗಿದ್ದು 1998ರಲ್ಲಿ. ಬ್ರೂಸ್ ಬಾಯ್ಟ್ಲರ್ ಅವರ ತಂಡ ಎಂಡೋಟಾಕ್ಸಿನ್‌ಗೆ ಜಗ್ಗದ ಒಂದು ಇಲಿ ತಳಿಯನ್ನು ಹಿಡಿದು ಹುಡುಕಿದಾಗ ಈ ಗ್ರಾಹಕದ ಜೀನ್ ಕೆಟ್ಟಿರುವುದು ಕಂಡಿತು. ಈ ಕೆಲಸಕ್ಕೆ ಅವರು 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆ ಇಲಿಗಳ ಇನ್ನೊಂದು ಗುಣ. ಶುದ್ಧ ಎಂಡೋಟಾಕ್ಸಿನ್ ಎಷ್ಟು ಕೊಟ್ಟರೂ ತಡೆದುಕೊಳ್ಳುವ ಆ ಇಲಿಗಳು ಜೀವಂತ ಸಾಲ್ಮೊನೆಲ್ಲಾ ಸೋಂಕು ತಗುಲಿದರೆ ಬೇರೆ ಇಲಿಗಳಿಗಿಂತ ಬೇಗ ಸಾಯುತ್ತವೆ. ಎಂಡೋಟಾಕ್ಸಿನ್ ಗೊತ್ತಾಗದ ದೇಹಕ್ಕೆ ಶತ್ರು ಒಳಗೆ ಬಂದಿದ್ದೂ ಗೊತ್ತಾಗುವುದಿಲ್ಲ. ಹಾಗಾಗಿ "ತಡೆದರೆ ಸಾಕು" ಎನ್ನುವ ಲೆಕ್ಕ ಅಷ್ಟು ಸರಳವಲ್ಲ.

ಮೊದಲ ಗೆಲುವು

ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಝೀಗ್ಲರ್ ಮತ್ತು ಅಬ್ರಹಾಂ ಬ್ರಾಡ್ ಆ ಇಕ್ಕಟ್ಟಿಗೆ ಒಂದು ಜಾಣ ದಾರಿ ಹುಡುಕಿದರು. ಇ. ಕೋಲಿಯ ಜೆ5 ಎಂಬ ರೂಪಾಂತರಿ ಒ-ಆಂಟಿಜೆನ್ ಕಟ್ಟಲಾರದು. ಒಂದು ಕಿಣ್ವ ಇಲ್ಲದ ಕಾರಣ ಅದರ ಕೋರ್ ಭಾಗ ಬೋಳಾಗಿ ಹೊರಗೇ ಕಾಣುತ್ತದೆ. ಕಾಯಿಸಿ ಕೊಂದ ಜೆ5 ಅನ್ನು ಆರೋಗ್ಯವಂತರಿಗೆ ಲಸಿಕೆಯಂತೆ ಕೊಟ್ಟರು. ಅವರ ರಕ್ತದಿಂದ ಸೀರಂ, ಅಂದರೆ ಪ್ರತಿಕಾಯಗಳಿರುವ ತಿಳಿ ದ್ರವ, ತೆಗೆದು ರೋಗಿಗಳಿಗೆ ಏರಿಸಿದರು. 1982ರಲ್ಲಿ ಫಲಿತಾಂಶ ಬಂತು. ರಕ್ತದಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಇರುವುದು ಖಚಿತವಾಗಿದ್ದ 212 ರೋಗಿಗಳಲ್ಲಿ, ಸಾಮಾನ್ಯ ಸೀರಂ ಪಡೆದವರ ಪೈಕಿ ಶೇ 39 ಮಂದಿ ಸತ್ತರು. ಜೆ5 ಸೀರಂ ಪಡೆದವರಲ್ಲಿ ಶೇ 22. ತೀವ್ರ ಶಾಕ್‌ನಲ್ಲಿದ್ದವರಲ್ಲಿ ಸಾವು ಶೇ 77ರಿಂದ 44ಕ್ಕೆ ಇಳಿಯಿತು. ಸೆಪ್ಸಿಸ್‌ನಲ್ಲಿ ಇಂಥ ಅಂಕಿ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

1985ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ಇದನ್ನೇ ಮುಂಚಿತವಾಗಿ ಕೊಟ್ಟು ನೋಡಿತು. ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಸೋಂಕಿನ ಅಪಾಯ ಜಾಸ್ತಿ ಇದ್ದವರಿಗೆ, ಕಾಯಿಲೆ ಶುರುವಾಗುವ ಮೊದಲೇ, ಜೆ5 ಪ್ಲಾಸ್ಮಾ ಕೊಟ್ಟರು. ಸೋಂಕುಗಳು ಕಡಿಮೆಯಾಗಲಿಲ್ಲ. ಆದರೆ ಸೋಂಕು ತಗುಲಿದವರಲ್ಲಿ ಶಾಕ್‌ಗೆ ಹೋದವರು, ಸತ್ತವರು ಕಡಿಮೆ. ಪ್ರತಿಕಾಯದಿಂದ ಏನನ್ನು ನಿರೀಕ್ಷಿಸಿದ್ದರೋ ಅದೇ ಬಂದಿತ್ತು. ಬ್ಯಾಕ್ಟೀರಿಯಾ ಬರುವುದನ್ನು ಅದು ತಡೆಯಲಿಲ್ಲ, ಬಂದ ಮೇಲಿನ ಅನಾಹುತವನ್ನು ತಡೆಯಿತು.

ಆಮೇಲೆ ಸಂಶಯಗಳು ಎದ್ದವು. ಸೀರಂ ಅಂದರೆ ಒಬ್ಬೊಬ್ಬ ದಾನಿಯದೂ ಒಂದೊಂದು ತರಹ. ರಕ್ತದ ಮೂಲಕ ಬೇರೆ ಸೋಂಕು ದಾಟುವ ಭಯ ಎಚ್‌ಐವಿಯ ಆ ವರ್ಷಗಳಲ್ಲಿ ಸಣ್ಣದಾಗಿರಲಿಲ್ಲ. 1988ರಲ್ಲಿ ಜೆ5 ಲಸಿಕೆ ಪಡೆದವರ ರಕ್ತದಿಂದ ಪ್ರತ್ಯೇಕಿಸಿದ ಇಮ್ಯುನೊಗ್ಲಾಬ್ಯುಲಿನ್ (ಪ್ರತಿಕಾಯಗಳ ಮಿಶ್ರಣ) ಅನ್ನು ಪರೀಕ್ಷಿಸಿದಾಗ ಅದು ಸಾಮಾನ್ಯ ಇಮ್ಯುನೊಗ್ಲಾಬ್ಯುಲಿನ್‌ಗಿಂತ ಮೇಲೆನ್ನಿಸಲಿಲ್ಲ. 1992ರಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಮುಂಚಿತವಾಗಿ ಕೊಟ್ಟ ಪ್ರಯೋಗದಲ್ಲಂತೂ ಸಾಮಾನ್ಯ ಇಮ್ಯುನೊಗ್ಲಾಬ್ಯುಲಿನ್ ಸೋಂಕನ್ನು ಕಡಿಮೆ ಮಾಡಿತು, ಎಂಡೋಟಾಕ್ಸಿನ್ ಕೋರ್ ವಿರುದ್ಧದ್ದು ಮಾಡಲಿಲ್ಲ. 1982ರ ಸೀರಂನಲ್ಲಿ ಕೆಲಸ ಮಾಡಿದ್ದು ನಿಜಕ್ಕೂ ಕೋರ್ ವಿರುದ್ಧದ ಪ್ರತಿಕಾಯವೇ? ಅದು ಕೊನೆಗೂ ಸಾಬೀತಾಗಲಿಲ್ಲ. ಅಷ್ಟರಲ್ಲಿ ಎಲ್ಲರ ಕಣ್ಣೂ ಬೇರೆ ಕಡೆ ಹೊರಳಿತ್ತು.

ಎರಡು ಔಷಧ, ಎರಡು ಉಲ್ಟಾ ಉತ್ತರ

1975ರಲ್ಲಿ ಮೋನೋಕ್ಲೋನಲ್ ಪ್ರತಿಕಾಯ ತಯಾರಿಸುವ ವಿಧಾನ ಬಂದಿತ್ತು. ಒಂದೇ ಜಾತಿಯ ಜೀವಕೋಶದಿಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತೆಗೆಯಬಹುದು. ಅಮೆರಿಕದ ಎರಡು ಕಂಪನಿಗಳು ಪೈಪೋಟಿಗೆ ಬಿದ್ದವು. ಸೆಂಟೋಕಾರ್ ಕಂಪನಿಯದು ಎಚ್‌ಎ-1ಎ, ಮಾರಾಟದ ಹೆಸರು ಸೆಂಟಾಕ್ಸಿನ್, ಮನುಷ್ಯ ಮೂಲದ ಪ್ರತಿಕಾಯ. ಝೋಮಾ ಕಂಪನಿಯದು ಇ5, ಇಲಿ ಮೂಲದ್ದು. ಎರಡರ ಗುರಿಯೂ ಲಿಪಿಡ್ ಎ.

1991ರಲ್ಲಿ ಎರಡರ ಫಲಿತಾಂಶವೂ ಹೊರಬಂತು. ಎಚ್‌ಎ-1ಎ ಪ್ರಯೋಗದಲ್ಲಿ ಒಟ್ಟು 543 ಸೆಪ್ಸಿಸ್ ರೋಗಿಗಳಿದ್ದರು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಸಾವಿನಲ್ಲಿ ಗಟ್ಟಿ ವ್ಯತ್ಯಾಸ ಇರಲಿಲ್ಲ, ಔಷಧ ಪಡೆಯದವರಲ್ಲಿ ಶೇ 43, ಪಡೆದವರಲ್ಲಿ ಶೇ 39. ಆದರೆ ರಕ್ತದಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಸಿಕ್ಕ 200 ಜನರನ್ನು ಬೇರೆ ತೆಗೆದರೆ, ಸಾವು ಶೇ 49ರಿಂದ 30ಕ್ಕೆ ಇಳಿದಿತ್ತು. ಆ 200ರಲ್ಲೂ ಶಾಕ್‌ನಲ್ಲಿದ್ದವರಿಗೆ ಲಾಭ ಇನ್ನೂ ಜಾಸ್ತಿ ಕಂಡಿತು. ಇ5 ಪ್ರಯೋಗದಲ್ಲಿ ತದ್ವಿರುದ್ಧ. ಅಲ್ಲಿ ಲಾಭ ಕಂಡಿದ್ದು ಶಾಕ್ ಇಲ್ಲದವರಿಗೆ.

ಒಂದೇ ಗುರಿಗೆ ಹೊಡೆಯುವ ಎರಡು ಔಷಧ. ಒಂದು ಶಾಕ್ ಇದ್ದವರಿಗೆ ಒಳ್ಳೆಯದು, ಇನ್ನೊಂದು ಶಾಕ್ ಇಲ್ಲದವರಿಗೆ ಒಳ್ಳೆಯದು. ಜೀವಶಾಸ್ತ್ರದಲ್ಲಿ ಇದಕ್ಕೆ ಕಾರಣ ಹುಡುಕುವ ಮೊದಲು ಅಂಕಿಅಂಶದ ಕಡೆ ನೋಡಬೇಕಿತ್ತು. ಒಂದು ಪ್ರಯೋಗವನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆಯುತ್ತಾ ಹೋದರೆ ಯಾವುದೋ ಒಂದು ಗುಂಪಿನಲ್ಲಿ ಸುಮ್ನೆ ಅದೃಷ್ಟದಿಂದಲೂ ಲಾಭ ಕಾಣುತ್ತದೆ. ಅದು ಮುಂದಿನ ಪ್ರಯೋಗಕ್ಕೆ ಪ್ರಶ್ನೆಯಾಗಬಹುದು, ಪರವಾನಗಿಗೆ ಆಧಾರ ಆಗಬಾರದು. ಯುರೋಪಿನ ಹಲವು ದೇಶಗಳಲ್ಲಿ ಅದು ಪರವಾನಗಿಗೇ ಆಧಾರವಾಯಿತು. ಒಂದು ಡೋಸ್‌ಗೆ ಸಾವಿರಾರು ಡಾಲರ್ ಬೆಲೆಯ ಸೆಂಟಾಕ್ಸಿನ್ ಅಲ್ಲಿ ಮಾರಾಟಕ್ಕೆ ಬಂತು.

ಅಮೆರಿಕದಲ್ಲಿ ಔಷಧಗಳಿಗೆ ಪರವಾನಗಿ ಕೊಡುವ ಎಫ್‌ಡಿಎ ಮಾತ್ರ 1992ರಲ್ಲಿ ಇನ್ನೊಂದು ಪ್ರಯೋಗ ಮಾಡಿ ಬನ್ನಿ ಎಂದಿತು. 14ನೇ ದಿನದ ಸಾವನ್ನು ಲೆಕ್ಕ ಹಾಕುವುದೋ 28ನೇ ದಿನದ್ದೋ ಎಂಬ ವಿಷಯದಲ್ಲೂ ತಕರಾರು ಎದ್ದಿತ್ತು. ಅದೇ ಹೊತ್ತಿಗೆ ನಾಯಿಗಳ ಮೇಲಿನ ಅಧ್ಯಯನವೊಂದರಲ್ಲಿ ಎಚ್‌ಎ-1ಎ ಪಡೆದ ನಾಯಿಗಳೇ ಜಾಸ್ತಿ ಸತ್ತವು. ಆದರೂ ಹೊಸ ಪ್ರಯೋಗ ಶುರುವಾಯಿತು, 2,199 ರೋಗಿಗಳು ಸೇರಿದರು. ಅವರಲ್ಲಿ ರಕ್ತದಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಇದ್ದವರು 621. ಈ ಗುಂಪಿನಲ್ಲಿ 14 ದಿನಗಳೊಳಗಿನ ಸಾವು ಔಷಧ ಇಲ್ಲದವರಲ್ಲಿ ಶೇ 32, ಔಷಧ ಪಡೆದವರಲ್ಲಿ ಶೇ 33. ಉಳಿದವರಲ್ಲಿ ಔಷಧ ಪಡೆದವರ ಸಾವು ಜಾಸ್ತಿಯೇ ಕಂಡಿತು. ಆ ಆತಂಕದಿಂದಲೇ ಪ್ರಯೋಗ ನಿಂತಿತು. 1993ರ ಜನವರಿಯಲ್ಲಿ ಸೆಂಟಾಕ್ಸಿನ್ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಇ5ರ ಕಥೆ ಇನ್ನಷ್ಟು ವರ್ಷ ಎಳೆಯಿತು. 2000ದಲ್ಲಿ ಪ್ರಕಟವಾದ 1,090 ರೋಗಿಗಳ ಪ್ರಯೋಗದಲ್ಲಿ ಸಾವು ಇ5 ಪಡೆದವರಲ್ಲಿ ಶೇ 29.7, ಪಡೆಯದವರಲ್ಲಿ ಶೇ 31.1. ವ್ಯತ್ಯಾಸ ಇಲ್ಲ ಎಂದೇ ಅರ್ಥ.

(ಒಂದು ಉಪಕಥೆ: ಮುಳುಗಿಹೋಗುವ ಹಂತಕ್ಕೆ ಬಂದಿದ್ದ ಸೆಂಟೋಕಾರ್ ಆಮೇಲೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್‌ನಿಂದ ಚೇತರಿಸಿಕೊಂಡಿತು. ಟಿಎನ್‌ಎಫ್ ತಡೆಯುವ ಔಷಧಗಳು ಸೆಪ್ಸಿಸ್‌ನಲ್ಲಿ ಸೋತವು, ಸಂಧಿವಾತ ಮತ್ತು ಕರುಳಿನ ಉರಿಯೂತದಲ್ಲಿ ಗೆದ್ದವು. ತಿಂಗಳುಗಟ್ಟಲೆ ಇರುವ ಉರಿಯೂತಕ್ಕೂ ಗಂಟೆಗಳಲ್ಲಿ ಬಂದೆರಗುವ ಉರಿಯೂತಕ್ಕೂ ಇರುವ ವ್ಯತ್ಯಾಸ ಅಷ್ಟು.)

ಎಲ್ಲಿ ಎಡವಿದ್ದು

ಮೊದಲನೆಯ ತೊಡಕು ಪ್ರತಿಕಾಯದ್ದೇ. ಲಿಪಿಡ್ ಎ ಕೊಬ್ಬಿನ ಸ್ವಭಾವದ್ದು. ನೀರಿಗೆ ಒಗ್ಗದ ಇಂಥ ವಸ್ತುಗಳಿಗೆ ಎಚ್‌ಎ-1ಎ, ಇ5 ಎರಡೂ ಆಯ್ಕೆಯಿಲ್ಲದೆ ಅಂಟಿಕೊಳ್ಳುತ್ತಿದ್ದವು ಎಂದು ಸ್ವತಂತ್ರ ಪ್ರಯೋಗಾಲಯಗಳು ತೋರಿಸಿದವು. ಎಂಡೋಟಾಕ್ಸಿನ್‌ಗೆ ಅಂಟಿದರೂ ಅದರ ಕೆರಳಿಸುವ ಶಕ್ತಿಯನ್ನು ತಗ್ಗಿಸುವುದರಲ್ಲಿ ಇವು ಮಂದ. ಅಂಟುವುದು ಬೇರೆ, ಸುಮ್ಮನಾಗಿಸುವುದು ಬೇರೆ. ಜೀವಂತ ಬ್ಯಾಕ್ಟೀರಿಯಾದ ಮೇಲಂತೂ ಒ-ಆಂಟಿಜೆನ್ ಅಡ್ಡ ಇರುವುದರಿಂದ ಲಿಪಿಡ್ ಎ ತನಕ ಕೈ ಹಾಕುವುದೇ ಕಷ್ಟ. ಅಂದರೆ ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷೆಯಾಗಿದ್ದು "ಎಂಡೋಟಾಕ್ಸಿನ್ ತಡೆದರೆ ಜೀವ ಉಳಿಯುತ್ತದೆಯೇ" ಎಂಬ ಪ್ರಶ್ನೆಯಲ್ಲ. ಎಂಡೋಟಾಕ್ಸಿನ್ ಅನ್ನು ಸರಿಯಾಗಿ ತಡೆಯದ ಎರಡು ಪ್ರೋಟೀನುಗಳು ಜೀವ ಉಳಿಸುತ್ತವೆಯೇ ಎಂಬ ಪ್ರಶ್ನೆ.

ಎರಡನೆಯದು ರೋಗಿಯ ಆಯ್ಕೆ. 1991ರ ಪ್ರಯೋಗದಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ರಕ್ತದಲ್ಲಿ ಸಿಕ್ಕಿದ್ದು ನೂರಕ್ಕೆ 37 ಜನರಲ್ಲಿ. ಮುಂದಿನದರಲ್ಲಿ ನೂರಕ್ಕೆ 28. ಸ್ಟ್ಯಾಫಿಲೊಕಾಕಸ್‌ನಂಥ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾದಿಂದಲೋ ಫಂಗಸ್‌ನಿಂದಲೋ ಸೆಪ್ಸಿಸ್ ಆದವರ ಆ ಸೋಂಕಿನಲ್ಲಿ ಎಂಡೋಟಾಕ್ಸಿನ್ನೇ ಇರುವುದಿಲ್ಲ. ಅವರಿಗೆ ಈ ಔಷಧ ಕೊಡುವುದರಲ್ಲಿ ಅರ್ಥವಿಲ್ಲ. ಆದರೆ ರೋಗಿ ಐಸಿಯುಗೆ ಬಂದಾಗ ಯಾರ ರಕ್ತದಲ್ಲಿ ಯಾವುದಿದೆ ಎಂದು ವೈದ್ಯರಿಗೆ ಗೊತ್ತಿರುವುದಿಲ್ಲ. ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್ ಉತ್ತರ ಬರಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಆ ಕಡೆಗೋ ಈ ಕಡೆಗೋ. ಹಾಗಾಗಿ "ಗ್ರಾಂ ನೆಗೆಟಿವ್ ರೋಗಿಗಳಿಗೆ ಲಾಭ" ಎಂಬ ಮಾತು ನಿಜವಾಗಿದ್ದರೂ ಹಾಸಿಗೆ ಪಕ್ಕದಲ್ಲಿ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಎಲ್ಲರಿಗೂ ಕೊಡಬೇಕಾಗುತ್ತಿತ್ತು. ಎಲ್ಲರನ್ನೂ ಸೇರಿಸಿದರೆ ಲಾಭವಿಲ್ಲ ಎಂದು ಅದೇ ಪ್ರಯೋಗ ಹೇಳಿತ್ತು.

ಮೂರನೆಯದು ಹೊತ್ತು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಇದೇ. ಸ್ವಯಂಸೇವಕರಿಗೆ ಎಂಡೋಟಾಕ್ಸಿನ್ ಚುಚ್ಚಿದ ಸುಮಾರು ಒಂದೂವರೆ ಗಂಟೆಗೆ ರಕ್ತದಲ್ಲಿ ಟಿಎನ್‌ಎಫ್ ಶಿಖರ ಮುಟ್ಟುತ್ತದೆ, ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ನಿಜವಾದ ರೋಗಿಯಲ್ಲಿ ನಡೆಯುವುದು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಸೋಂಕಿನ ಜಾಗದಿಂದ ಎಂಡೋಟಾಕ್ಸಿನ್ ಮತ್ತೆ ಮತ್ತೆ ರಕ್ತಕ್ಕೆ ಬರುತ್ತಿರಬಹುದು. ಆಂಟಿಬಯಾಟಿಕ್ ಕೊಟ್ಟಾಗ ಸತ್ತ ಬ್ಯಾಕ್ಟೀರಿಯಾ ಒಡೆದು ಇನ್ನಷ್ಟು ಬಿಡುಗಡೆಯಾಗಬಹುದು. ಹಾಗಂತ ಆಂಟಿಬಯಾಟಿಕ್ ತಡ ಮಾಡುವ ಹಾಗಿಲ್ಲ. ಶಾಕ್ ಇದ್ದರೆ ಒಂದು ಗಂಟೆಯೊಳಗೆ ಕೊಡಬೇಕು ಎಂಬುದೇ ಈಗಿನ ನಿಯಮ. ಆದರೂ ಬಿಪಿ ಬಿದ್ದು, ಕಿಡ್ನಿ ನಿಂತು, ರೋಗಿ ಪ್ರಯೋಗಕ್ಕೆ ಸೇರುವ ಹೊತ್ತಿಗೆ ಮೊದಲ ಕಿಡಿಯ ಕೆಲಸ ಮುಗಿದಿರುತ್ತದೆ. ಮುಂದಿನದನ್ನು ದೇಹ ತಾನೇ ನಡೆಸುತ್ತಿರುತ್ತದೆ. ಆಗ ಎಂಡೋಟಾಕ್ಸಿನ್ ಹಿಡಿಯಲು ಹೊರಡುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಪ್ರಾಣಿಗಳ ಮೇಲೆ ಇದು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡಿತು ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಬಹಳಷ್ಟು ಪ್ರಯೋಗಗಳಲ್ಲಿ ಪ್ರತಿಕಾಯವನ್ನು ಎಂಡೋಟಾಕ್ಸಿನ್‌ಗೆ ಮೊದಲೇ ಅಥವಾ ಜೊತೆಯಲ್ಲೇ ಕೊಟ್ಟಿರುತ್ತಾರೆ. ಇಲಿಗಳಂತೂ ಮನುಷ್ಯರಿಗಿಂತ ಸಾವಿರಾರು ಪಟ್ಟು ಜಾಸ್ತಿ ಎಂಡೋಟಾಕ್ಸಿನ್ ತಡೆದುಕೊಳ್ಳಬಲ್ಲವು. "ಇಲಿಗಳಲ್ಲಿ ಸೆಪ್ಸಿಸ್‌ಗೆ ಮದ್ದು" ಎಂಬ ಸುದ್ದಿ ಬಂದಾಗ ನಾನು ಮೊದಲು ನೋಡುವುದು ಮದ್ದನ್ನು ಯಾವಾಗ ಕೊಟ್ಟರು ಎಂಬುದನ್ನು.

ಪ್ರತಿಕಾಯ ಬಿಟ್ಟು ಬೇರೆ ದಾರಿ ಹಿಡಿದವರು

ಪ್ರತಿಕಾಯ ಸರಿಯಿಲ್ಲದಿದ್ದರೆ ಗ್ರಾಹಕವನ್ನೇ ಮುಚ್ಚಿಬಿಡೋಣ ಎಂದು ಐಸೈ ಕಂಪನಿ ಎರಿಟೋರಾನ್ ಎಂಬ ಔಷಧ ಮಾಡಿತು. ಲಿಪಿಡ್ ಎ ತರಹವೇ ಕಾಣುವ, ಆದರೆ ಟಿಎಲ್‌ಆರ್4 ಅನ್ನು ಕೆರಳಿಸದ ಅಣು. ಸ್ವಯಂಸೇವಕರಲ್ಲಿ ಇದು ಎಂಡೋಟಾಕ್ಸಿನ್ ಪರಿಣಾಮವನ್ನು ಚೆನ್ನಾಗಿ ತಡೆದಿತ್ತು. ಅಂದರೆ ಎಚ್‌ಎ-1ಎಗೆ ಇದ್ದ ಮೊದಲನೆಯ ತೊಡಕು ಇದಕ್ಕಿರಲಿಲ್ಲ. 1,961 ತೀವ್ರ ಸೆಪ್ಸಿಸ್ ರೋಗಿಗಳ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. 28 ದಿನಗಳ ಸಾವು ಔಷಧ ಪಡೆದವರಲ್ಲಿ ಶೇ 28.1, ಪಡೆಯದವರಲ್ಲಿ ಶೇ 26.9. ಎಂಡೋಟಾಕ್ಸಿನ್ ಎಷ್ಟಿದೆ ಎಂದು ಅಳೆದು ರೋಗಿಗಳನ್ನು ಆರಿಸಿರಲಿಲ್ಲ.

ಅಳೆದು ಆರಿಸಿದರೆ? ಪಾಲಿಮಿಕ್ಸಿನ್ ಬಿ ಎಂಬ ಹಳೆಯ ಆಂಟಿಬಯಾಟಿಕ್‌ಗೆ ಎಂಡೋಟಾಕ್ಸಿನ್ ಬಲವಾಗಿ ಅಂಟುತ್ತದೆ. ಅದನ್ನು ನಾರಿಗೆ ಕೂಡಿಸಿ, ಡಯಾಲಿಸಿಸ್‌ನಂತೆ ರಕ್ತವನ್ನು ಅದರ ಮೂಲಕ ಹಾಯಿಸುವ ಸಾಧನ ಜಪಾನಿನಲ್ಲಿ 1994ರಿಂದ ಬಳಕೆಯಲ್ಲಿದೆ. 2018ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಪ್ರಯೋಗದಲ್ಲಿ ರಕ್ತದ ಎಂಡೋಟಾಕ್ಸಿನ್ ಚಟುವಟಿಕೆ ಅಳೆದು, ಅದು ಜಾಸ್ತಿ ಇದ್ದ 450 ಶಾಕ್ ರೋಗಿಗಳನ್ನೇ ಸೇರಿಸಿದರು. 28 ದಿನಗಳ ಸಾವಿನಲ್ಲಿ ಆಗಲೂ ವ್ಯತ್ಯಾಸ ಬರಲಿಲ್ಲ. ಎಂಡೋಟಾಕ್ಸಿನ್ ವಿಪರೀತ ಇದ್ದವರನ್ನು ಬಿಟ್ಟು ಮಧ್ಯಮ ಮಟ್ಟದವರನ್ನು ಮಾತ್ರ ನೋಡಿದರೆ ಲಾಭ ಇರಬಹುದು ಎಂದು ಆಮೇಲಿನ ವಿಶ್ಲೇಷಣೆ ಹೇಳಿತು. ಮತ್ತೆ ಅದೇ ಉಪಗುಂಪಿನ ಮಾತು! 1991 ನೆನಪಿರುವವರು ಇದನ್ನು ಕೇಳಿ ಹುಬ್ಬೇರಿಸಿದರೆ ತಪ್ಪಲ್ಲ. ಈ ಎರಡು ಪ್ರಯೋಗಗಳಲ್ಲಿ ಪದಾರ್ಥ ಸರಿ ಇತ್ತು, ಎರಡನೆಯದರಲ್ಲಿ ರೋಗಿಯ ಆಯ್ಕೆಯೂ ಬಹುಮಟ್ಟಿಗೆ ಸರಿ ಇತ್ತು. ಹೊತ್ತು ಮಾತ್ರ ಎರಡರಲ್ಲೂ ಮೀರಿತ್ತು.

ಟಿಎಲ್‌ಆರ್4 ಒಂದನ್ನೇ ಮುಚ್ಚಿದರೂ ಸಾಲದು ಎಂಬುದಕ್ಕೆ 2013ರಲ್ಲಿ ಇನ್ನೊಂದು ಕಾರಣ ಸಿಕ್ಕಿತು. ಜೀವಕೋಶದ ಒಳಕ್ಕೆ ನುಸುಳಿದ ಎಲ್‌ಪಿಎಸ್ ಅನ್ನು ಗುರುತಿಸುವ ಬೇರೆಯೇ ಏರ್ಪಾಡು ಇದೆ. ಕ್ಯಾಸ್ಪೇಸ್ ಎಂಬ ಕಿಣ್ವಗಳ ಆ ದಾರಿಯಲ್ಲಿ ಜೀವಕೋಶವೇ ಒಡೆದು ಸಾಯುತ್ತದೆ. ಇಲ್ಲಿ ನನಗೆ ಪ್ರತಿಕಾಯದ ಕಡೆ ಮತ್ತೆ ಒಲವು ಬರುತ್ತದೆ. ಗ್ರಾಹಕ ಮುಚ್ಚುವ ಔಷಧ ಒಂದು ದಾರಿಯನ್ನಷ್ಟೇ ಮುಚ್ಚುತ್ತದೆ. ಎಂಡೋಟಾಕ್ಸಿನ್ ಅನ್ನೇ ಹೊರಗೆ ಹಿಡಿದರೆ ಅದು ಎರಡು ದಾರಿಗೂ ಸಿಗುವುದಿಲ್ಲ.

ಮುಂಚೆ ಕೊಡುವುದಾದರೆ ಯಾರಿಗೆ

ಇದೆಲ್ಲ ಹಳೇ ಕಥೆ, ಈಗ್ಯಾಕೆ ಎಂದು ಕೇಳಬಹುದು. ಮೊದಲನೆಯದಾಗಿ, ಸೆಪ್ಸಿಸ್ ಸಣ್ಣ ಕಾಯಿಲೆಯಲ್ಲ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತು, 1.1 ಕೋಟಿ ಜನ ಸತ್ತರು ಎಂದು ಅಂದಾಜಿದೆ. ಅಂದರೆ ಆ ವರ್ಷದ ಐದು ಸಾವುಗಳಲ್ಲಿ ಸುಮಾರು ಒಂದು. ಎರಡನೆಯದಾಗಿ, ಆಂಟಿಬಯಾಟಿಕ್‌ಗಳು ಕೈಕೊಡುತ್ತಿವೆ. 2019ರಲ್ಲಿ 12.7 ಲಕ್ಷ ಸಾವುಗಳಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಎಂಬ ಅಂದಾಜು ಬಂದಿದೆ. ಅಲ್ಲಿ ಮುಂಚೂಣಿಯಲ್ಲಿರುವ ಆರು ಬ್ಯಾಕ್ಟೀರಿಯಾಗಳಲ್ಲಿ ನಾಲ್ಕು ಗ್ರಾಂ ನೆಗೆಟಿವ್. ಆಂಟಿಬಯಾಟಿಕ್ ಪ್ರತಿರೋಧ ಬೆಳೆಸಿಕೊಂಡ ಕ್ಲೆಬ್ಸಿಯೆಲ್ಲಾಕ್ಕೂ ಪ್ರತಿಕಾಯ ಅಂಟುತ್ತದೆ. ಆಂಟಿಬಯಾಟಿಕ್‌ನ ದಾರಿ ಬೇರೆ, ಪ್ರತಿಕಾಯದ ದಾರಿ ಬೇರೆ.

ಹಾಗಾದರೆ ಮುಂಚಿತವಾಗಿ ಕೊಡಬೇಕು. ಹೇಳುವುದು ಸುಲಭ. ಯಾರಿಗೆ, ಯಾವಾಗ ಸೆಪ್ಸಿಸ್ ಬರುತ್ತದೆ ಎಂದು ಮೊದಲೇ ಗೊತ್ತಿರುವ ಗುಂಪು ಬೇಕಲ್ಲ. ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳು ಒಂದು ಗುಂಪು. ಹಾರ್ಟ್-ಲಂಗ್ ಮಷೀನಿನ ಮೇಲಿದ್ದಾಗ ಕರುಳಿಗೆ ರಕ್ತ ಕಡಿಮೆಯಾಗಿ, ಕರುಳಲ್ಲಿರುವ ಎಂಡೋಟಾಕ್ಸಿನ್ ರಕ್ತಕ್ಕೆ ಸೋರಬಹುದು. ಶಸ್ತ್ರಚಿಕಿತ್ಸೆಗೆ ಮೊದಲೇ ಎಂಡೋಟಾಕ್ಸಿನ್ ಕೋರ್ ವಿರುದ್ಧದ ಪ್ರತಿಕಾಯ ಕಡಿಮೆ ಇದ್ದವರಲ್ಲಿ ಆಮೇಲಿನ ತೊಂದರೆ ಜಾಸ್ತಿ ಎಂದು 1997ರ ಅಧ್ಯಯನವೊಂದು ಕಂಡಿತ್ತು. ಅಂದರೆ ನಮ್ಮೆಲ್ಲರ ರಕ್ತದಲ್ಲೂ ಈ ಪ್ರತಿಕಾಯ ಹೆಚ್ಚುಕಡಿಮೆ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಅದು ನಿಜಕ್ಕೂ ಕಾಪಾಡುತ್ತದೆಯೋ, ಅಥವಾ ಒಟ್ಟಾರೆ ಆರೋಗ್ಯ ಚೆನ್ನಾಗಿರುವುದರ ಗುರುತು ಮಾತ್ರವೋ ಎಂದು ಇಂಥ ಅಧ್ಯಯನದಿಂದ ಹೇಳಲಾಗದು.

ತಡೆಗಟ್ಟುವ ಪ್ರಯೋಗಕ್ಕೆ ಲೆಕ್ಕದ ಕಷ್ಟವೂ ಇದೆ. ಒಂದು ಗುಂಪಿನಲ್ಲಿ ನೂರಕ್ಕೆ 2 ಜನ ಶಾಕ್‌ಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಮದ್ದು ಅದನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ನಂಬುವಂತೆ ತೋರಿಸಲು ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಬೇಕು. ಅವರಲ್ಲಿ ಬಹುಪಾಲು ಜನರಿಗೆ ಮದ್ದು ಬೇಕೇ ಇರಲಿಲ್ಲ. ದುಬಾರಿ ಮೋನೋಕ್ಲೋನಲ್ ಪ್ರತಿಕಾಯವನ್ನು ಹೀಗೆ ಹಂಚಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲ. ಲಸಿಕೆ ಅಗ್ಗ. ಆದರೆ ಅದಕ್ಕೂ ವಾರಗಟ್ಟಲೆ ಮುಂಚೆ ಗೊತ್ತಿರಬೇಕು, ಲಸಿಕೆ ಪಡೆದವರ ದೇಹ ಪ್ರತಿಕಾಯ ಮಾಡುವಷ್ಟು ಗಟ್ಟಿ ಇರಬೇಕು. ಇ. ಕೋಲಿಯ 9 ಬಗೆಯ ಒ-ಆಂಟಿಜೆನ್ ಸೇರಿಸಿ ಮಾಡಿದ್ದ ಲಸಿಕೆಯನ್ನು ವಯಸ್ಸಾದವರ ಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುತ್ತಿದ್ದರು. ಪರಿಣಾಮ ಸಾಲದು ಎಂದು 2025ರಲ್ಲಿ ಆ ಪ್ರಯೋಗ ನಿಂತಿತು.

ನನಗೆ ಹೆಚ್ಚು ಭರವಸೆ ಕಾಣುವುದು ನವಜಾತ ಶಿಶುಗಳ ವಿಷಯದಲ್ಲಿ. ಹುಟ್ಟಿದ ಮೊದಲ ವಾರಗಳ ಸೆಪ್ಸಿಸ್‌ಗೆ ಜಗತ್ತಿನ ಹಲವು ಭಾಗಗಳಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಮುಖ್ಯ ಕಾರಣ. ಅದರ ಒ-ಆಂಟಿಜೆನ್ ಬಗೆಗಳು ಹತ್ತು ಹನ್ನೆರಡರ ಆಸುಪಾಸು, ಇ. ಕೋಲಿಯಂತೆ ನೂರೆಂಬತ್ತಲ್ಲ. ಅಪಾಯದ ಅವಧಿ ಯಾವುದು ಎಂದು ಊಹಿಸಬೇಕಾಗಿಲ್ಲ, ಹೆರಿಗೆಯ ದಿನದಿಂದಲೇ ಅದು ಶುರು. ಗರ್ಭಿಣಿಗೆ ಲಸಿಕೆ ಕೊಟ್ಟರೆ ಐಜಿಜಿ ಬಗೆಯ ಪ್ರತಿಕಾಯ ಮಗುವಿಗೆ ದಾಟುತ್ತದೆ. ಇಂಥ ಪ್ರತಿಕಾಯ ಎಂಡೋಟಾಕ್ಸಿನ್ ಹಿಡಿಯುವುದರ ಜೊತೆಗೆ ಬ್ಯಾಕ್ಟೀರಿಯಾವನ್ನು ಕೊಲ್ಲಲೂ ಬಿಳಿ ರಕ್ತಕಣಗಳಿಗೆ ನೆರವಾಗುತ್ತದೆ. ಎಚ್‌ಎ-1ಎ, ಇ5 ಎರಡೂ ಐಜಿಎಂ ಎಂಬ ಇನ್ನೊಂದು ಬಗೆಯವು. ಅವು ತಾಯಿಯಿಂದ ಮಗುವಿಗೆ ದಾಟುವಂಥವಲ್ಲ.

ಇಲ್ಲೂ ಎರಡು ತಕರಾರು ಇವೆ. ಕ್ಲೆಬ್ಸಿಯೆಲ್ಲಾ ಮೈಮೇಲೆ ದಪ್ಪನೆಯ ಕವಚ ಇರುತ್ತದೆ, ಅದು ಒ-ಆಂಟಿಜೆನ್ ಅನ್ನು ಮರೆಮಾಡಬಲ್ಲದು. ಕವಚದ ವಿರುದ್ಧವೇ ಪ್ರತಿಕಾಯ ಮಾಡೋಣ ಎಂದರೆ ಅದರಲ್ಲಿ 70ಕ್ಕೂ ಹೆಚ್ಚು ಬಗೆ. ಇನ್ನೊಂದು, ತಾಯಿಯ ಐಜಿಜಿ ಮಗುವಿಗೆ ಬಹುಪಾಲು ದಾಟುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಸೆಪ್ಸಿಸ್ ಅಪಾಯ ಎಲ್ಲರಿಗಿಂತ ಜಾಸ್ತಿ ಇರುವುದು ಅದಕ್ಕೂ ಮುಂಚೆ ಹುಟ್ಟಿಬಿಡುವ ಮಕ್ಕಳಿಗೆ. ಅವರಿಗೆ ಪ್ರತಿಕಾಯವನ್ನು ಹುಟ್ಟಿದ ಕೂಡಲೇ ನೇರವಾಗಿ ಚುಚ್ಚಬೇಕಾಗುತ್ತದೆ. ಶಿಶುಗಳ ಶ್ವಾಸಕೋಶಕ್ಕೆ ಸೋಂಕು ತರುವ ಆರ್‌ಎಸ್‌ವಿ ವೈರಸ್ ವಿರುದ್ಧ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯವನ್ನು ಈಗಾಗಲೇ ಶಿಶುಗಳಿಗೆ ಹೀಗೆ ಒಂದೇ ಡೋಸ್‌ನಲ್ಲಿ ಕೊಡುತ್ತಿದ್ದಾರೆ. ಆದರೆ ಆರ್‌ಎಸ್‌ವಿಗೆ ಒಂದು ಪ್ರತಿಕಾಯ ಸಾಕು, ಕ್ಲೆಬ್ಸಿಯೆಲ್ಲಾಕ್ಕೆ ಕೆಲವನ್ನಾದರೂ ಬೆರೆಸಬೇಕಾಗಬಹುದು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಸೆಪ್ಸಿಸ್‌ನಿಂದ ಹೆಚ್ಚಾಗಿ ಸಾಯುವುದು ಇಂಥ ಮದ್ದು ಕೊಳ್ಳಲು ಕಷ್ಟಪಡುವ ಆಸ್ಪತ್ರೆಗಳಲ್ಲೇ.